ನಾಲ್ಕನೆಯ ಆಯಾಮದ ನೆರಳು

ಕಣ್ಣಿಗೆ ಕಾಣದ ವಸ್ತುಗಳ ವಿಷಯದಲ್ಲಿ ಲೋಕದ ಜನರು ಎರಡು ಬಗೆಯಾಗಿ ನಡೆದುಕೊಳ್ಳುವುದುಂಟು. ಕಾಣದುದು ಇಲ್ಲವೇ ಇಲ್ಲವೆಂದು ಸಾಧಿಸುವವರು ಕೆಲವರು. ಕಾಣದುದೆಲ್ಲವೂ ಅದ್ಭುತವೆಂದು ಕೈಮುಗಿದು ದೂರ ನಿಲ್ಲುವವರು ಹಲವರು. ಗಣಿತಶಾಸ್ತ್ರವು ಈ ಎರಡು ಹಾದಿಗಳನ್ನೂ ಬಿಟ್ಟು ಮೂರನೆಯದೊಂದನ್ನು ಹಿಡಿಯುತ್ತದೆ. ಕಾಣದ ವಸ್ತುವನ್ನು ಎಣಿಸಬಹುದೇ, ಅಳೆಯಬಹುದೇ, ಅದರ ನೆರಳನ್ನಾದರೂ ಹಿಡಿಯಬಹುದೇ ಎಂದು ಅದು ಕೇಳುತ್ತದೆ. ನಾಲ್ಕು ಆಯಾಮಗಳುಳ್ಳ ಆಕೃತಿಗಳ ಕಥೆಯು ಈ ಮೂರನೆಯ ಹಾದಿಗೆ ಒಳ್ಳೆಯ ಉದಾಹರಣೆಯಾಗಿದೆ.

ದೊಡ್ಡ ಘನವೊಂದರ ಒಳಗೆ ಚಿಕ್ಕ ಘನ. ಎರಡರ ಮೂಲೆಗಳನ್ನೂ ಕೂಡಿಸುವ ಗೆರೆಗಳು. ನೋಡುತ್ತಿರುವಂತೆಯೇ ಒಳಗಿನ ಘನವು ಪಕ್ಕಕ್ಕೆ ಸರಿದು, ಉಬ್ಬಿ, ಹೊರಗಿನದನ್ನೇ ತನ್ನೊಳಕ್ಕೆ ನುಂಗಿದಂತೆ ತೋರುವುದು. ಇಂತಹ ಚಲಿಸುವ ಚಿತ್ರವನ್ನು ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳಲ್ಲಿ ಅನೇಕರು ಮೊಬೈಲಿನ ಪುಟ್ಟ ತೆರೆಯ ಮೇಲೆ ನೋಡಿರಬಹುದು. ನೋಡಿ ಬೆರಗಾದವರು ಬಹುಮಂದಿ. ಆದರೆ ಇದು ಗಣಕಯಂತ್ರದ ಗಾರುಡಿಯೆಂದೂ, ಹೆಚ್ಚಿನ ಇಂಗ್ಲಿಷನ್ನು ಕಲಿತ ಮೇಲೆ ಮಾತ್ರ ಅರ್ಥವಾಗತಕ್ಕ ವಿಷಯವೆಂದೂ ತಿಳಿದು ಸುಮ್ಮನಾದವರೂ ಅಷ್ಟೇ ಮಂದಿ ಇದ್ದಾರು. ಈ ಎರಡು ತಿಳಿವಳಿಕೆಗಳೂ ಸರಿಯಲ್ಲ. ಆ ಚಿತ್ರದ ಹಿಂದೆ ಇರುವುದು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಮತ್ತು ಒಂದಿಷ್ಟು ತ್ರಿಕೋಣಮಿತಿ. ಇದನ್ನು ನಮ್ಮ ಭಾಷೆಯಲ್ಲಿಯೇ, ನಮ್ಮ ಶಾಲೆಯ ಗಣಿತದಿಂದಲೇ ತಿಳಿಯಲು ಯತ್ನಿಸೋಣ.

ಮೊದಲು ಎಣಿಕೆ. ಒಂದು ಬಿಂದುವಿಗೆ ಉದ್ದವೂ ಇಲ್ಲ, ಅಗಲವೂ ಇಲ್ಲ. ಅದನ್ನು ಒಂದು ದಿಕ್ಕಿನಲ್ಲಿ ಒಂದು ಮೊಳ ಎಳೆದರೆ ಗೆರೆಯಾಗುತ್ತದೆ; ಅದಕ್ಕೆ ತುದಿಗಳು 2. ಆ ಗೆರೆಯನ್ನು ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಒಂದು ಮೊಳ ಎಳೆದರೆ ಚೌಕ. ಅದಕ್ಕೆ ಮೂಲೆಗಳು 4, ಅಂಚುಗಳು 4. ಚೌಕವನ್ನು ನೆಲದಿಂದ ಮೇಲಕ್ಕೆ ಒಂದು ಮೊಳ ಎತ್ತಿದರೆ ಘನ. ಅದಕ್ಕೆ ಮೂಲೆಗಳು 8, ಅಂಚುಗಳು 12, ಮುಖಗಳು 6. ಈಗ ಈ ಘನವನ್ನು, ಉದ್ದ ಅಗಲ ಎತ್ತರಗಳೆಂಬ ಮೂರಕ್ಕೂ ಲಂಬವಾದ ನಾಲ್ಕನೆಯ ದಿಕ್ಕೊಂದರಲ್ಲಿ ಒಂದು ಮೊಳ ಎಳೆಯಬೇಕು. ಅಂತಹ ದಿಕ್ಕನ್ನು ಬೆರಳಿನಿಂದ ತೋರಿಸಲು ಯಾರಿಗೂ ಆಗದು. ಆದರೂ ಎಳೆದರೆ ಏನು ದೊರೆಯುವುದೆಂದು ಎಣಿಸಲು ಏನೂ ಅಡ್ಡಿಯಿಲ್ಲ.

ಎಣಿಸುವ ಬಗೆ ಹೀಗೆ. ಎಳೆಯುವ ಮೊದಲಿನ ಆಕೃತಿ ಒಂದು, ಎಳೆದು ನಿಲ್ಲಿಸಿದ ಕಡೆಯಲ್ಲಿ ಅದೇ ಇನ್ನೊಂದು. ಆದುದರಿಂದ ಮೂಲೆಗಳು ಇಮ್ಮಡಿಯಾಗುವುವು. 8ರ ಇಮ್ಮಡಿ 16. ಅಂಚುಗಳೂ ಇಮ್ಮಡಿಯಾಗುವುವು, ಅಷ್ಟೇ ಅಲ್ಲ, ಪ್ರತಿಯೊಂದು ಮೂಲೆಯೂ ಸರಿಯುವಾಗ ಒಂದೊಂದು ಹೊಸ ಅಂಚನ್ನು ಗೆರೆಯೆಳೆದು ಬಿಡುತ್ತದೆ. 12ರ ಇಮ್ಮಡಿ 24, ಹೊಸವು 8, ಒಟ್ಟು 32. ಮುಖಗಳು 6ರ ಇಮ್ಮಡಿ 12, 12 ಅಂಚುಗಳು ಸರಿದುದರಿಂದ ಹುಟ್ಟಿದ ಹೊಸ ಚೌಕಗಳು 12, ಒಟ್ಟು 24. ಮೊದಲಿನ ಘನವೊಂದು, ಕೊನೆಯ ಘನವೊಂದು, ಆರು ಮುಖಗಳು ಸರಿದುದರಿಂದ ಹುಟ್ಟಿದ ಘನಗಳು ಆರು. ಒಟ್ಟು 8 ಘನಗಳು. ಚೌಕಕ್ಕೆ ಗೆರೆಗಳು ಎಲ್ಲೆಯಾಗಿರುವಂತೆ, ಘನಕ್ಕೆ ಚೌಕಗಳು ಎಲ್ಲೆಯಾಗಿರುವಂತೆ, ಈ ಹೊಸ ಆಕೃತಿಗೆ ಎಂಟು ಘನಗಳೇ ಎಲ್ಲೆಯಾಗಿವೆ. ಇಂಗ್ಲೆಂಡಿನ ಚಾರ್ಲ್ಸ್ ಹೋವರ್ಡ್ ಹಿಂಟನ್ ಎಂಬವರು 1888ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ಟೆಸರ್ಯಾಕ್ಟ್ ಎಂದು ಕರೆದರು. ಈ ಲೇಖನದ ಮಟ್ಟಿಗೆ ನಾವು ಇದನ್ನು ಚತುರ್ಘನವೆಂದು ಕರೆಯೋಣ.

ಇದನ್ನು ಅಳೆಯಲೂ ಬಹುದು. ಒಂದು ಮೊಳದ ಚೌಕದ ಕರ್ಣವು 2ರ ವರ್ಗಮೂಲದಷ್ಟು ಮೊಳ. ಒಂದು ಮೊಳದ ಘನದ ದೀರ್ಘ ಕರ್ಣವು 3ರ ವರ್ಗಮೂಲದಷ್ಟು. ಇವೆರಡೂ ದಶಮಾಂಶದಲ್ಲಿ ಎಂದಿಗೂ ಮುಗಿಯದ ಸಂಖ್ಯೆಗಳೆಂಬುದನ್ನು ನೀವು ಓದಿರುವಿರಿ. ಒಂದು ಮೊಳದ ಚತುರ್ಘನದ ದೀರ್ಘ ಕರ್ಣವಾದರೋ 4ರ ವರ್ಗಮೂಲ, ಎಂದರೆ ಸರಿಯಾಗಿ ಎರಡು ಮೊಳ. ಯಾರೂ ಕಾಣದ ಆಕೃತಿಯ ಅಳತೆಯು ಕಂಡ ಆಕೃತಿಗಳ ಅಳತೆಗಿಂತ ಸರಳವಾಗಿರುವುದು ಸೋಜಿಗವಲ್ಲವೇ?

ನಾಲ್ಕನೆಯ ಆಯಾಮವೆಂದರೆ ಕಾಲವಲ್ಲವೇ ಎಂದು ಕೆಲವರು ಕೇಳಬಹುದು. ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತವನ್ನು ಆಧರಿಸಿ 1908ರಲ್ಲಿ ಮಿಂಕೋವ್ಸ್ಕಿಯವರು ದೇಶಕಾಲಗಳನ್ನು ಒಂದಾಗಿ ಹೆಣೆದು ನೋಡಿದುದು ನಿಜ. ಆದರೆ ಅಲ್ಲಿ ಕಾಲದ ಅಳತೆಯ ನಿಯಮ ಬೇರೆ. ನಾವು ಇಲ್ಲಿ ಹೇಳುತ್ತಿರುವ ನಾಲ್ಕನೆಯದು ಉಳಿದ ಮೂರರಂತೆಯೇ ಇನ್ನೊಂದು ಉದ್ದ. ಅದಕ್ಕೂ ಪೈಥಾಗೊರಸನ ಪ್ರಮೇಯವೇ ಅನ್ವಯಿಸುವುದು.

ಇನ್ನು ನೆರಳಿನ ವಿಚಾರ. ನಮ್ಮ ನಾಡಿನ ತೊಗಲು ಗೊಂಬೆಯ ಆಟವನ್ನು ಹಿರಿಯರು ನೋಡಿರುವರು. ದೀಪವು ಹಿಂದೆ, ಬಿಳಿಯ ಪರದೆಯು ಮುಂದೆ, ನಡುವೆ ಗೊಂಬೆ. ಪ್ರೇಕ್ಷಕರಿಗೆ ಗೊಂಬೆಯಾಡಿಸುವವನು ಕಾಣುವುದಿಲ್ಲ. ಆದರೂ ಪರದೆಯ ಮೇಲಣ ಆಟದಿಂದ ಒಳಗೆ ಏನು ನಡೆಯುತ್ತಿದೆಯೆಂಬುದನ್ನು ಅವರು ಊಹಿಸಬಲ್ಲರು. ಆದರೆ ಒಂದೇ ನೆರಳನ್ನು ನಂಬಿದರೆ ಮೋಸ ಹೋಗಬೇಕಾದೀತು. ನಮ್ಮ ಪುಣೆಯಲ್ಲಿಯೇ ಪ್ರತಿವರ್ಷ ಮೇ ತಿಂಗಳ ನಡುವೆ ಒಂದು ದಿನ ಸೂರ್ಯನು ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಕ್ಷಣದಲ್ಲಿ ನೆಟ್ಟಗೆ ನಿಂತ ಧ್ವಜಸ್ತಂಭದ ನೆರಳು ಅದರ ಬುಡದಲ್ಲಿಯೇ ಅಡಗಿಬಿಡುತ್ತದೆ. ನೆರಳನ್ನಷ್ಟೇ ನೋಡುವವನು ಅಲ್ಲಿ ಸ್ತಂಭವೇ ಇಲ್ಲವೆಂದಾನು. ಸಂಜೆಯವರೆಗೆ ಕಾದು ನೋಡಿದವನಿಗೆ ಮಾತ್ರ ಸ್ತಂಭದ ಎತ್ತರ ತಿಳಿಯುವುದು. ನೆರಳು ಚಲಿಸಿದಾಗ ಅಡಗಿದುದು ಹೊರಬೀಳುತ್ತದೆ. ಚಲಚ್ಚಿತ್ರದ ಅಗತ್ಯವು ಇರುವುದು ಇಲ್ಲಿಯೇ.

ಹನ್ನೆರಡು ಪೊರಕೆಯ ಕಡ್ಡಿಗಳನ್ನು ಸಮವಾಗಿ ಕತ್ತರಿಸಿ, ಮೂಲೆಗಳಿಗೆ ಜೇಡಿಮಣ್ಣಿನ ಉಂಡೆಗಳನ್ನು ಮೆತ್ತಿ ಒಂದು ಘನವನ್ನು ಮಾಡಿರಿ. ಕತ್ತಲೆಯ ಕೋಣೆಯಲ್ಲಿ ಅದನ್ನು ನೆಲದಿಂದ ತುಸು ಮೇಲೆ ಹಿಡಿದು, ನೇರವಾಗಿ ಮೇಲಿನಿಂದ ಒಂದು ಚಿಕ್ಕ ದೀಪವನ್ನು ಬೆಳಗಿಸಿರಿ. ನೆಲದ ಮೇಲೆ ದೊಡ್ಡ ಚೌಕ, ಅದರೊಳಗೆ ಚಿಕ್ಕ ಚೌಕ, ಎರಡರ ಮೂಲೆಗಳನ್ನೂ ಕೂಡಿಸುವ ನಾಲ್ಕು ಓರೆಗೆರೆಗಳು ಕಾಣುವುವು. ದೀಪಕ್ಕೆ ಹತ್ತಿರವಾದ ಮೇಲ್ಮುಖವು ದೊಡ್ಡದಾಗಿಯೂ ದೂರವಾದ ಕೆಳಮುಖವು ಚಿಕ್ಕದಾಗಿಯೂ ಬಿದ್ದಿವೆ. ನಡುವಣ ನಾಲ್ಕು ಓರೆ ಚತುರ್ಭುಜಗಳು ನಿಜದಲ್ಲಿ ಚೌಕಗಳೇ. ಈ ಚಿತ್ರವನ್ನು ನೋಡಿ ಯಾರೂ ಘನದ ಒಂದು ಮುಖವು ಇನ್ನೊಂದರ ಒಳಗಿದೆಯೆಂದು ಹೇಳುವುದಿಲ್ಲ.

ಇದೇ ಮಾತನ್ನು ಒಂದು ಮೆಟ್ಟಿಲು ಮೇಲಕ್ಕೇರಿಸಿರಿ. ಘನದ ನೆರಳು ಸಮತಲದ ಮೇಲೆ ಬೀಳುವಂತೆ, ಚತುರ್ಘನದ ನೆರಳು ನಮ್ಮ ಮೂರು ಆಯಾಮದ ಅವಕಾಶದಲ್ಲಿ ಬೀಳುವುದು. ಹತ್ತಿರದ ಘನವು ದೊಡ್ಡದಾಗಿ, ದೂರದ ಘನವು ಅದರೊಳಗೆ ಚಿಕ್ಕದಾಗಿ, ನಡುವಣ ಆರು ಘನಗಳು ತಲೆಕಡಿದ ಗೋಪುರಗಳಂತೆ ಓರೆಯಾಗಿ ತೋರುವುವು. ಒಂದು, ಒಂದು ಮತ್ತು ಆರು, ಒಟ್ಟು ಎಂಟು; ನಮ್ಮ ಲೆಕ್ಕ ತಾಳೆಯಾಯಿತು. ಮೊಬೈಲಿನ ಚಿತ್ರದಲ್ಲಿ ಕಾಣುವುದು ಇದೇ. ತೆರೆಯು ಚಪ್ಪಟೆಯಾದುದರಿಂದ ಅದು ನೆರಳಿನ ನೆರಳು ಮಾತ್ರ.

ಗಣಕಯಂತ್ರವು ಈ ನೆರಳನ್ನು ಬೀಳಿಸುವುದು ಹೇಗೆ? ಅದಕ್ಕೆ ದೀಪವಿಲ್ಲ, ಸಂಖ್ಯೆಗಳು ಮಾತ್ರ ಇವೆ. ಚತುರ್ಘನದ ಕೇಂದ್ರದಿಂದ ಅಳೆದರೆ ಪ್ರತಿಯೊಂದು ಮೂಲೆಯನ್ನೂ ನಾಲ್ಕು ಸಂಖ್ಯೆಗಳಿಂದ ಹೆಸರಿಸಬಹುದು. ಪ್ರತಿ ಸಂಖ್ಯೆಯೂ +1 ಇಲ್ಲವೆ −1. ಎರಡೆರಡು ಆಯ್ಕೆಗಳನ್ನು ನಾಲ್ಕು ಸಲ ಮಾಡಿದರೆ 16 ಹೆಸರುಗಳು, 16 ಮೂಲೆಗಳು. ದೀಪವು ನಾಲ್ಕನೆಯ ದಿಕ್ಕಿನಲ್ಲಿ 3 ಅಳತೆ ದೂರದಲ್ಲಿದೆಯೆಂದು ಭಾವಿಸಿರಿ. ಆಗ ನಿಯಮವು ಇಷ್ಟೇ: ನಾಲ್ಕನೆಯ ಸಂಖ್ಯೆಯನ್ನು 3ರಿಂದ ಕಳೆದು, ಬಂದ ಶೇಷದಿಂದ ಮೊದಲ ಮೂರು ಸಂಖ್ಯೆಗಳನ್ನು ಭಾಗಿಸತಕ್ಕದ್ದು. ನಾಲ್ಕೂ +1 ಆಗಿರುವ ಮೂಲೆಯಲ್ಲಿ 3ರಿಂದ 1ನ್ನು ಕಳೆದರೆ 2. ನೆರಳಿನ ಮೂಲೆಯು ½, ½, ½. ನಾಲ್ಕನೆಯದು ಮಾತ್ರ −1 ಆಗಿದ್ದರೆ ಶೇಷವು 4. ನೆರಳು ¼, ¼, ¼. ಒಳಗಿನ ಘನವು ಹೊರಗಿನದರ ಅರ್ಧದಷ್ಟಿರುವುದಕ್ಕೆ ಇದೇ ಕಾರಣ. ಹೀಗೆ ದೊರೆತ ಮೂರು ಸಂಖ್ಯೆಗಳಿಗೆ ಇದೇ ಬಗೆಯ ಭಾಗಾಕಾರವನ್ನು ಮತ್ತೊಮ್ಮೆ ಮಾಡಿದರೆ ತೆರೆಯ ಮೇಲಿನ ಬಿಂದುವಿನ ಎರಡು ಸಂಖ್ಯೆಗಳು ದೊರೆಯುವುವು.

ತಿರುಗಿಸುವ ಕ್ರಮವನ್ನೂ ನೋಡೋಣ. ಸಮತಲದಲ್ಲಿ ಆಕೃತಿಯು ಒಂದು ಬಿಂದುವಿನ ಸುತ್ತ ತಿರುಗುವುದು. ನಮ್ಮ ಅವಕಾಶದಲ್ಲಿ ಬುಗುರಿಯಂತೆ ಒಂದು ಅಕ್ಷರೇಖೆಯ ಸುತ್ತ. ನಾಲ್ಕು ಆಯಾಮಗಳಲ್ಲಿಯಾದರೋ ಒಂದು ಸಮತಲದ ಸುತ್ತ. ಮೊದಲನೆಯ ಮತ್ತು ನಾಲ್ಕನೆಯ ಸಂಖ್ಯೆಗಳನ್ನು ಕೋನದ ಸೈನ್ ಕೊಸೈನ್‌ಗಳಿಂದ ಗುಣಿಸಿ ಬೆರೆಸುತ್ತ, ಎರಡನೆಯ ಮೂರನೆಯವನ್ನು ಹಾಗೆಯೇ ಬಿಟ್ಟರೆ ಅಂತಹ ತಿರುಗುವಿಕೆ ಉಂಟಾಗುವುದು. ಕಾಲು ಸುತ್ತು ತಿರುಗಿದಾಗ ಒಳಗಿನ ಚಿಕ್ಕ ಘನವು ಪಕ್ಕದ ಓರೆ ಗೋಪುರದ ಸ್ಥಾನಕ್ಕೆ ಬಂದಿರುತ್ತದೆ. ಅರ್ಧ ಸುತ್ತಿಗೆ ಅದೇ ಹೊರಗಿನ ದೊಡ್ಡ ಘನವಾಗಿರುತ್ತದೆ. ನುಂಗಿದುದೂ ಇಲ್ಲ, ಉಬ್ಬಿದುದೂ ಇಲ್ಲ. ದೂರದಲ್ಲಿದ್ದುದು ಹತ್ತಿರಕ್ಕೆ ಬಂದಿತು, ಅಷ್ಟೆ. 32 ಅಂಚುಗಳಲ್ಲಿ ಒಂದರ ಉದ್ದವೂ ಕೂದಲೆಳೆಯಷ್ಟೂ ಬದಲಾಗಿಲ್ಲವೆಂಬುದನ್ನು ಲೆಕ್ಕ ಹಾಕಿ ತೋರಿಸಬಹುದು.

ಚಲಚ್ಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಸಾಗುವುದು ವಾಡಿಕೆ. ಪೂರ್ಣ ಸುತ್ತಿಗೆ 10 ಸೆಕೆಂಡುಗಳೆಂದರೆ 240 ಚಿತ್ರಗಳು. ಒಂದು ಚಿತ್ರದಿಂದ ಮುಂದಿನದಕ್ಕೆ ಒಂದೂವರೆ ಡಿಗ್ರಿಯ ತಿರುವು. ಚಿತ್ರಕ್ಕೆ 16 ಮೂಲೆಗಳಂತೆ 3840 ಬಿಂದುಗಳನ್ನು ಲೆಕ್ಕ ಹಾಕಬೇಕು. ಒಬ್ಬ ವಿದ್ಯಾರ್ಥಿಯು ಒಂದು ಬಿಂದುವಿಗೆ ಒಂದು ನಿಮಿಷ ತೆಗೆದುಕೊಂಡರೆ 64 ಗಂಟೆಗಳು. 32 ಮಂದಿಯ ತರಗತಿಯೊಂದು ಹಂಚಿಕೊಂಡು ಮಾಡಿದರೆ ಎರಡು ಗಂಟೆಗಳು. ಆದುದರಿಂದ ಯಂತ್ರವು ಮಾಡುತ್ತಿರುವ ಕೆಲಸದಲ್ಲಿ ನಮಗೆ ಅಸಾಧ್ಯವಾದುದು ಯಾವುದೂ ಇಲ್ಲ. ಅದು ಬೇಸರಪಡದೆ, ತಪ್ಪದೆ, ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆಂಬುದೇ ಅದರ ಹಿರಿಮೆ.

ಇಂತಹ ಚಲಚ್ಚಿತ್ರಗಳ ಇತಿಹಾಸವು ಅರ್ಧ ಶತಮಾನಕ್ಕೂ ಹಿಂದಿನದು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮೈಕೇಲ್ ನೋಲ್ ಎಂಬವರು 1960ರ ದಶಕದಲ್ಲಿ ಚತುರ್ಘನದ ತಿರುಗುವಿಕೆಯನ್ನು ಗಣಕಯಂತ್ರದಿಂದ ಚಿತ್ರಿಸಿದರು. ಬ್ರೌನ್ ವಿಶ್ವವಿದ್ಯಾಲಯದ ಗಣಿತಜ್ಞ ಥಾಮಸ್ ಬ್ಯಾಂಚಾಫ್ ಮತ್ತು ಚಾರ್ಲ್ಸ್ ಸ್ಟ್ರಾಸ್ ಅವರು ಚತುರ್ಘನದ ನೆರಳುಗಳನ್ನೂ ಹೋಳುಗಳನ್ನೂ ತೋರಿಸುವ ಚಲಚ್ಚಿತ್ರವನ್ನು ಸಿದ್ಧಪಡಿಸಿದರು. 1978ರಲ್ಲಿ ಹೆಲ್ಸಿಂಕಿಯಲ್ಲಿ ಕೂಡಿದ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನದಲ್ಲಿ ಅದರ ಪ್ರದರ್ಶನವಾಯಿತು. ಆದರೆ ಚಿತ್ರವನ್ನು ನೋಡಿದ ಮಾತ್ರಕ್ಕೆ ನಾಲ್ಕನೆಯ ದಿಕ್ಕು ಮನಸ್ಸಿಗೆ ಗೋಚರವಾಗಲಿಲ್ಲವೆಂದು ನೋಲ್ ಅವರು ಬರೆದಿರುವುದು ಮನನೀಯವಾಗಿದೆ. ಎಣಿಸಿ ಬಂದವನಿಗೆ ಚಿತ್ರವು ಕನ್ನಡಿ. ಎಣಿಸದವನಿಗೆ ಅದು ಬರಿಯ ಬಣ್ಣದಾಟ.

ಈ ಮಾತಿಗೆ ಸಾಕ್ಷಿಯಾಗಿ ಯಂತ್ರವೂ ಇಲ್ಲದೆ, ಕಾಲೇಜಿನ ಶಿಕ್ಷಣವೂ ಇಲ್ಲದೆ ನಾಲ್ಕು ಆಯಾಮಗಳನ್ನು ಕರತಲಾಮಲಕ ಮಾಡಿಕೊಂಡ ಮಹಿಳೆಯೊಬ್ಬರಿದ್ದರು. ಆಕೆಯ ಹೆಸರು ಅಲಿಸಿಯಾ ಬೂಲ್ ಸ್ಟಾಟ್. 1860ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಜನನ. ತಂದೆ, ತರ್ಕವನ್ನು ಬೀಜಗಣಿತವನ್ನಾಗಿ ಮಾಡಿದ ಜಾರ್ಜ್ ಬೂಲ್. ತಾಯಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟರ ಸೋದರನ ಮಗಳು. ನಾಲ್ಕರ ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅಲಿಸಿಯಾ, ಮುಂದೆ ತಮ್ಮ ಮನೆಗೆ ಬರುತ್ತಿದ್ದ ಹಿಂಟನ್ನರ ಬಣ್ಣದ ಮರದ ಘನಗಳಿಂದ ನಾಲ್ಕನೆಯ ಆಯಾಮದ ಮೊದಲ ಪಾಠವನ್ನು ಕಲಿತರು. ಮದುವೆಯಾಗಿ ಇಬ್ಬರು ಮಕ್ಕಳನ್ನು ಸಾಕುತ್ತ, ಮನೆಯಲ್ಲಿಯೇ ರಟ್ಟಿನ ಹಾಳೆಗಳನ್ನು ಕತ್ತರಿಸಿ, ಅಂಟಿಸಿ, ನಾಲ್ಕು ಆಯಾಮದ ಆಕೃತಿಗಳ ಹೋಳುಗಳನ್ನು ನಿರ್ಮಿಸಿದರು.

ಹೋಳು ಎಂದರೇನೆಂಬುದನ್ನು ಹೀಗೆ ತಿಳಿಯಬಹುದು. ಒಂದು ಘನವನ್ನು ಮೂಲೆ ಮುಂದಾಗಿ ನೀರಿನಲ್ಲಿ ನೆಟ್ಟಗೆ ಮುಳುಗಿಸುತ್ತ ಹೋದರೆ, ನೀರಿನ ಮೇಲ್ಮೈ ಅದನ್ನು ಕತ್ತರಿಸುವ ಆಕಾರವು ಮೊದಲು ಒಂದು ಬಿಂದು, ಬಳಿಕ ಬೆಳೆಯುವ ತ್ರಿಕೋನ, ನಟ್ಟನಡುವೆ ಸಮವಾದ ಷಟ್ಕೋನ, ಮತ್ತೆ ತಲೆಕೆಳಗಾದ ತ್ರಿಕೋನ, ಕಡೆಗೆ ಬಿಂದು. ನೆಲದ ರಂಗವಲ್ಲಿಯಲ್ಲಿಯೇ ಬಾಳುವ ಚಪ್ಪಟೆಯ ಜೀವಿಯೊಂದಿದ್ದರೆ ಅದಕ್ಕೆ ಘನದ ದರ್ಶನವಾಗುವುದು ಹೀಗೆಯೇ. ಚತುರ್ಘನವು ಮೂಲೆ ಮುಂದಾಗಿ ನಮ್ಮ ಅವಕಾಶವನ್ನು ಹಾದುಹೋದರೆ ನಮಗೆ ಕಾಣುವುದು ಬೆಳೆಯುವ ಚತುಷ್ಫಲಕ. ಬಳಿಕ ಅದರ ಮೂಲೆಗಳು ಕತ್ತರಿಸಿಹೋಗುತ್ತ ಬಂದು ನಟ್ಟನಡುವೆ ಎಂಟು ತ್ರಿಕೋನ ಮುಖಗಳ ಅಷ್ಟಫಲಕ. ಆಮೇಲೆ ಅದೇ ಕ್ರಮವು ಹಿಂದುಮುಂದಾಗಿ. ಈ ರೀತಿಯಲ್ಲಿ ಯೋಚಿಸಿ ಅಲಿಸಿಯಾ, ನಮ್ಮ ಅವಕಾಶದಲ್ಲಿ ಐದೇ ಕ್ರಮಬದ್ಧ ಘನಾಕೃತಿಗಳಿರುವಂತೆ ನಾಲ್ಕು ಆಯಾಮಗಳಲ್ಲಿ ಆರು ಇವೆಯೆಂದು ತಾವೇ ಕಂಡುಕೊಂಡರು. ಸ್ವಿಟ್ಜರ್ಲೆಂಡಿನ ಶ್ಲಾಫ್ಲಿ ಎಂಬವರು ಅದನ್ನು ಮೊದಲೇ ಕಂಡಿದ್ದರೆಂಬುದು ಆಕೆಗೆ ತಿಳಿದಿರಲಿಲ್ಲ. ಹಾಲೆಂಡಿನ ಪ್ರಾಧ್ಯಾಪಕ ಸ್ಕೌಟೆಯವರು ಅದೇ ಆಕೃತಿಗಳ ಮೇಲೆ ಕೆಲಸ ಮಾಡುತ್ತಿರುವುದನ್ನರಿತು, ಆಕೆ ತನ್ನ ರಟ್ಟಿನ ಮಾದರಿಗಳ ಛಾಯಾಚಿತ್ರಗಳನ್ನು ಕಳುಹಿಸಿದರು. ಅವು ಪ್ರಾಧ್ಯಾಪಕರ ಲೆಕ್ಕಕ್ಕೆ ಸರಿಹೊಂದಿದುವು. 1914ರಲ್ಲಿ ಗ್ರೋನಿಂಗೆನ್ ವಿಶ್ವವಿದ್ಯಾಲಯವು ಪದವಿಯೊಂದನ್ನೂ ಪಡೆಯದ ಆಕೆಗೆ ಗೌರವ ಡಾಕ್ಟರೇಟನ್ನು ನೀಡಿತು.

ಇದರಿಂದ ಪ್ರಯೋಜನವೇನೆಂದು ಕೇಳುವವರಿಗೆ ದೂರ ಹೋಗಬೇಕಾದುದಿಲ್ಲ. ಕನ್ನಡ, ಮರಾಠಿ, ಗಣಿತ, ವಿಜ್ಞಾನಗಳಲ್ಲಿ ಒಬ್ಬ ವಿದ್ಯಾರ್ಥಿಯು ಪಡೆದ ನಾಲ್ಕು ಅಂಕಗಳು ನಾಲ್ಕು ಆಯಾಮದ ಅವಕಾಶದಲ್ಲಿ ಒಂದು ಬಿಂದುವಾಗಿವೆ. ತರಗತಿಯ ಅಂಕಪಟ್ಟಿಯು ಅಂತಹ ಬಿಂದುಗಳ ಒಂದು ಗುಂಪು. ಇಂದು ಗಣಕಯಂತ್ರಗಳು ನೂರಾರು ಆಯಾಮಗಳ ಇಂತಹ ಗುಂಪುಗಳನ್ನು ಅಳೆದು, ಅವುಗಳ ನೆರಳುಗಳನ್ನು ಚಪ್ಪಟೆಯ ತೆರೆಗೆ ಇಳಿಸಿ ತೋರಿಸುತ್ತವೆ. ಯಾವ ದಿಕ್ಕಿನಿಂದ ದೀಪವನ್ನು ಹಿಡಿದರು, ಏನು ಅಡಗಿತು ಎಂದು ಕೇಳಬಲ್ಲವನು ಅಂತಹ ಚಿತ್ರಗಳಿಂದ ಮೋಸ ಹೋಗಲಾರನು.

ನಮ್ಮ ಊರಿನ ನಿದರ್ಶನವೂ ಒಂದಿದೆ. ಅಮೆರಿಕದ ಮಹಾಗಣಕಗಳು ನಮ್ಮ ದೇಶಕ್ಕೆ ಸುಲಭವಾಗಿ ದೊರೆಯದ ಕಾಲದಲ್ಲಿ, 1988ರಲ್ಲಿ, ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ವಿಜಯ ಭಟಕರ ಅವರ ನೇತೃತ್ವದಲ್ಲಿ ಅಲ್ಲಿ ಸಿದ್ಧವಾದ ಪರಮ್ 8000 ಎಂಬ ಮಹಾಗಣಕವು 1991ರಲ್ಲಿ ಲೋಕಕ್ಕೆ ಪರಿಚಿತವಾಯಿತು. ಅದು ಒಂದೇ ದೊಡ್ಡ ಯಂತ್ರವಾಗಿರದೆ, ಟ್ರಾನ್ಸ್‌ಪ್ಯೂಟರ್ ಎಂಬ ಚಿಕ್ಕ ಚಿಪ್ಪುಗಳು ಹಲವು ಕೂಡಿ ಕೆಲಸ ಹಂಚಿಕೊಳ್ಳುವ ಯಂತ್ರವಾಗಿತ್ತು. ಅಂತಹ ಚಿಪ್ಪು ಒಂದೊಂದಕ್ಕೂ ನೆರೆಯವರೊಡನೆ ಮಾತಾಡಲು ನಾಲ್ಕು ತಂತುಗಳು. ಚತುರ್ಘನದ ಪ್ರತಿಯೊಂದು ಮೂಲೆಯಿಂದಲೂ ಹೊರಡುವ ಅಂಚುಗಳೂ ನಾಲ್ಕೇ! ಆದುದರಿಂದ 16 ಚಿಪ್ಪುಗಳನ್ನು ಚತುರ್ಘನದ ಅಂಚುಗಳಂತೆ ಪರಸ್ಪರ ಜೋಡಿಸಬಹುದು. −1ರ ಬದಲಿಗೆ 0 ಎಂದು ಬರೆದರೆ ಅವುಗಳ ಹೆಸರುಗಳು 0000ದಿಂದ 1111ರವರೆಗೆ ಆಗುವುವು. ಒಂದೇ ಅಂಕಿಯಲ್ಲಿ ಭೇದವಿರುವ ಇಬ್ಬರು ನೆರೆಯವರು. ಯಾರಿಂದ ಯಾರಿಗೆ ಸುದ್ದಿ ಹೋಗಬೇಕಾದರೂ ನಾಲ್ಕು ಹೆಜ್ಜೆಗಳೊಳಗೆ ಮುಟ್ಟುವುದು. ಇದೇ ತತ್ತ್ವದ ಮೇಲೆ 1983ರಲ್ಲಿ ಕ್ಯಾಲಿಫೋರ್ನಿಯದಲ್ಲಿ 64 ಚಿಪ್ಪುಗಳ, ಎಂದರೆ ಆರು ಆಯಾಮದ ಘನದ ಮಾದರಿಯ ಗಣಕವೊಂದನ್ನು ಕಟ್ಟಿದ್ದರು. 0 ಮತ್ತು 1ರ ಬೀಜಗಣಿತವನ್ನು ಕೊಟ್ಟವರು ತಂದೆ ಬೂಲ್. ನಾಲ್ಕು ಆಯಾಮದ ಆಕೃತಿಗಳನ್ನು ಬಿಡಿಸಿ ತೋರಿಸಿದವರು ಮಗಳು. ಯಂತ್ರದಲ್ಲಿ ಇಬ್ಬರ ವಿದ್ಯೆಯೂ ಕೂಡಿಕೊಂಡಿದೆ.

ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ನಾಳಿನ ಕಾಲೇಜಿನಲ್ಲಿ ಮತ್ತೊಂದು ಎಂಬ ಪರಿಸ್ಥಿತಿಯಲ್ಲಿ ಈ ಪರನಾಡಿನ ಊರಿನಲ್ಲಿ ಕಲಿಯುತ್ತಿರುವ ನಿಮಗೆ, ಹಿರಿದಾದ ವಿದ್ಯೆಯೆಲ್ಲವೂ ನಿಮ್ಮ ಭಾಷೆಯ ಆಚೆಗೆ ಇದೆಯೆಂಬ ಶಂಕೆ ಆಗಾಗ ಮೂಡುವುದು ಸಹಜ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವನ್ನೂ ಕ್ಷೇತ್ರಗಣಿತವನ್ನೂ ಕನ್ನಡದಲ್ಲಿ ಬರೆದನು. ಬಿಂದುವಿನಿಂದ ಚತುರ್ಘನದವರೆಗೆ ನಾವು ಈಗ ನಡೆದು ಬಂದ ದಾರಿಯಲ್ಲಿಯೂ ಕನ್ನಡವು ಎಲ್ಲಿಯೂ ನಮ್ಮ ಕೈಬಿಡಲಿಲ್ಲ. ಬೇರೆ ಭಾಷೆಗಳನ್ನು ಅವಶ್ಯವಾಗಿ ಕಲಿಯಿರಿ. ಆದರೆ ಅವನ್ನು ಕಲಿಯುವವರೆಗೆ ಯೋಚಿಸುವುದನ್ನು ಮುಂದೂಡಬೇಡಿರಿ. ಮುಂದಿನ ಬಾರಿ ತೆರೆಯ ಮೇಲೆ ಆ ಘನವು ತಿರುಗತೊಡಗಿದಾಗ ಒಂದು ಕ್ಷಣ ಅದನ್ನು ನಿಲ್ಲಿಸಿ, ಮೂಲೆಗಳು 16, ಅಂಚುಗಳು 32, ಮುಖಗಳು 24, ಘನಗಳು 8 ಎಂದು ಎಣಿಸಿ ನೋಡಿರಿ. ಆಮೇಲೆ ಐದನೆಯ ಆಯಾಮಕ್ಕೆ ಎಳೆದರೆ ಎಷ್ಟಾಗುವುವೆಂಬುದನ್ನು ನೀವೇ ಬರೆದು ನಿಮ್ಮ ಗಣಿತದ ಅಧ್ಯಾಪಕರಿಗೆ ತೋರಿಸಿರಿ.